ಎದುರು ಮಾತಿನ ಸಂಘಮಿತ್ರ

ತೊಂಡೇಬಾವಿಯ ಸಂಘಮಿತ್ರ ಆಕಾಶದ ಮೇಲಿನ ಪ್ರೀತಿಯಿಂದ ಪೈಲಟ್ ಆದಳು ಎಂದು ಪೇಪರಿನವರು ಬರೆದರು. ಚಿಕ್ಕಂದಿನಲ್ಲಿ ತಲೆ ಮೇಲೆ ಹೋಗುವ ವಿಮಾನಗಳನ್ನು ನೋಡಿ ಕನಸು ಕಂಡಳಂತೆ. ಬರೆಯುವವರಿಗೇನು, ಪೆನ್ನು ಅವರದು. ದೇವನಹಳ್ಳಿಗೆ ಇಳಿಯುವ ವಿಮಾನ ನೋಡುತ್ತ ಬೆಳೆದ ಮಕ್ಕಳು ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಬೇಕಾದಷ್ಟಿದ್ದಾರೆ. ಅವರೆಲ್ಲ ಪೈಲಟ್ ಆಗಲಿಲ್ಲ. ಇವಳು ಆದದ್ದು ಹೊಟ್ಟೆಯೊಳಗಿನ ಕಿಚ್ಚಿಗೆ. ಆ ಕಿಚ್ಚಿಗೆ ಒಬ್ಬ ಮನುಷ್ಯನ ಹೆಸರಿತ್ತು, ಪುಟ್ಟಸ್ವಾಮಯ್ಯ.

ಮುಂದೆ ಹೋಗುವ ಮೊದಲು ಒಂದು ಮಾತು. ಸಂಘಮಿತ್ರಳ ಅಪ್ಪ ಗಂಗರಾಜು ತೊಂಡೇಬಾವಿ ಸ್ಟೇಷನ್ನಿನ ಗ್ಯಾಂಗ್‌ಮನ್. ರೈಲು ಹಳಿ ನೋಡಿಕೊಳ್ಳುವ ಕೆಲಸ. ಪುಟ್ಟಸ್ವಾಮಯ್ಯ ಗೌರಿಬಿದನೂರಿನಲ್ಲಿ ಅವಳು ಓದಿದ ಹೈಸ್ಕೂಲಿನ ಹೆಡ್‌ಮಾಸ್ಟರ್. ಊರಿನ ಬಾಯಲ್ಲಿ ಗಂಗರಾಜು 'ಬಂದ', ಪುಟ್ಟಸ್ವಾಮಯ್ಯ 'ಬಂದರು'. ಈ ಬರಹದಲ್ಲಿ ಅದು ತಿರುಗುಮುರುಗು. ಗಂಗರಾಜು ಬರುತ್ತಾರೆ, ಪುಟ್ಟಸ್ವಾಮಯ್ಯ ಬರುತ್ತಾನೆ. ಯಾರಿಗಾದರೂ ಕಿವಿಗೆ ಕಟುವಾದರೆ ಆಗಲಿ.

ಗಂಗರಾಜು ಬೌದ್ಧರಾದ ವರ್ಷವೇ ಹುಟ್ಟಿದ ಮಗಳು, ಅದಕ್ಕೆ ಆ ಹೆಸರು. ಹಾಜರಿ ಕೂಗುವಾಗ ಪುಟ್ಟಸ್ವಾಮಯ್ಯ ಆ ಹೆಸರನ್ನು ಎಳೆದೆಳೆದು ಕೂಗುತ್ತಿದ್ದ. ಉಳಿದಂತೆ ಅವನಿಗೆ ಊರಿನಲ್ಲಿ ಒಳ್ಳೆಯ ಹೆಸರು. ಇಸ್ತ್ರಿ ಮಾಡಿದ ಪಂಚೆ, ಗಟ್ಟಿ ದನಿ, ರಿಸಲ್ಟು ಚೆನ್ನಾಗಿ ತರುವ ಮೇಷ್ಟ್ರು. ಒಳ್ಳೆಯ ಹೆಸರಿದ್ದವನ ಮೇಲೆ ಹಗೆ ಸಾಧಿಸುವುದು ಬಲು ಕಷ್ಟ, ಹೇಳಿಕೊಂಡರೆ ಹೇಳಿದವರೇ ಕೆಟ್ಟವರಾಗುತ್ತಾರೆ.

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಡೆದದ್ದು ಇಷ್ಟು. ಸ್ಕೂಲ್ ಡೇ ಹತ್ತಿರ ಬಂದಿತ್ತು. ಪ್ರತಿ ವರ್ಷದ ಹಾಗೆ ಪುಟ್ಟಸ್ವಾಮಯ್ಯ ಕೆಲವು ಮಕ್ಕಳ ಹೆಸರು ಹಿಡಿದು ಕರೆದು ಕೈಗೆ ಪೊರಕೆ, ಬಕೆಟ್ಟು ಕೊಟ್ಟು ಕಕ್ಕಸು ತೊಳೆಯಲು ಕಳಿಸಿದ. ಪ್ರತಿ ವರ್ಷವೂ ಅವೇ ಮನೆಗಳ ಮಕ್ಕಳು. ಸಂಘಮಿತ್ರ ಎದ್ದು ನಿಂತು ಕೇಳಿದಳು.

"ಸಾರ್, ಪ್ರತೀ ಸಲ ನಮ್ಮ ಕೇರಿಯೋರೇ ಯಾಕೆ ಸಾರ್?"

ಜಗಳಕ್ಕೆ ಕೇಳಿದ್ದಲ್ಲ. ಉತ್ತರ ಇರಬಹುದೆಂದು ಕೇಳಿದ್ದು. ಮಾರನೆಯ ದಿನ ಗಂಗರಾಜು ಅವರಿಗೆ ಕರೆ ಹೋಯಿತು. ಡ್ಯೂಟಿಯಿಂದ ನೇರ ಬಂದರು, ಕಿತ್ತಳೆ ಬಣ್ಣದ ರೈಲ್ವೆ ಜಾಕೆಟ್ಟು ಇನ್ನೂ ಮೈಮೇಲೇ ಇತ್ತು. ಹೆಡ್‌ಮಾಸ್ಟರ್ ರೂಮಿನಲ್ಲಿ ಇದ್ದದ್ದು ಮೂವರು. ಕುರ್ಚಿಯಲ್ಲಿ ಪುಟ್ಟಸ್ವಾಮಯ್ಯ, ಎದುರಿಗೆ ನಿಂತ ಅಪ್ಪ, ಬಾಗಿಲ ಪಕ್ಕ ಮಗಳು.

"ಏನಯ್ಯಾ ಗಂಗರಾಜು, ಮಗಳಿಗೆ ಓದು ಬರ್ಲಿ ಅಂತ ಕಳ್ಸಿದ್ಯೋ, ನಾಲಿಗೆ ಬರ್ಲಿ ಅಂತ ಕಳ್ಸಿದ್ಯೋ? ಹೆಸರು ಬದಲಾಯಿಸ್ಕೊಂಡ್ರೆ ಹಣೆಬರಹ ಬದಲಾಗಲ್ಲ. ತಗ್ಗಿ ನಡೆಯೋದು ಮೊದಲು ಕಲಿಸು."

"ತಪ್ಪಾಯ್ತು ಸಾರ್. ಇನ್ಮೇಲೆ ಎದುರು ಮಾತಾಡಲ್ಲ."

"ನೀನು ಹೇಳಿದ್ರೆ ಏನು ಬಂತು? ಕಲಿಸು ಅಂದೆ. ಇಲ್ಲೇ ಕಲಿಸು, ನಾನೂ ನೋಡ್ತೀನಿ. ಇಲ್ದಿದ್ರೆ ಟೀಸಿ ತಗೊಂಡು ಹೋಗು."

ಗಂಗರಾಜು ಮಗಳ ಕಡೆ ತಿರುಗಿದರು. ಹುಟ್ಟಿದಂದಿನಿಂದ ಅವಳ ಮೇಲೆ ಕೈ ಎತ್ತಿದವರಲ್ಲ. ಆವತ್ತು ಎತ್ತಿದರು. ಒಂದೇ ಏಟು, ಆದರೆ ಹಳಿ ಎತ್ತಿ ಇಡುವ ಕೈ ಅದು.

"ಹಾಂ, ಈಗ ಸರಿಯಾಯ್ತು" ಎಂದು ಪುಟ್ಟಸ್ವಾಮಯ್ಯ ತನ್ನ ಕಾಗದಗಳ ಕಡೆ ತಿರುಗಿದ.

ಮನೆಯಲ್ಲಿ ಅಮ್ಮ ಮಂಗಮ್ಮ ಊದಿದ ಕೆನ್ನೆ ನೋಡಿ ಗಾಬರಿಯಾದರು. ಹಳಿ ದಾಟುವಾಗ ಜಲ್ಲಿ ಮೇಲೆ ಬಿದ್ದಳು ಎಂದು ಗಂಗರಾಜು ಹೇಳಿದರು. ಹೌದು ಬಿದ್ದೆ ಎಂದು ಮಗಳೂ ಹೇಳಿದಳು. ಅಪ್ಪ ಮಗಳು ಆ ವಿಷಯ ಮತ್ತೆ ಎತ್ತಲಿಲ್ಲ. ಅಪ್ಪನ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಕೈ ಅಪ್ಪನದಾದರೂ ಏಟು ಪುಟ್ಟಸ್ವಾಮಯ್ಯನದು ಎಂದು ಅವಳಿಗೆ ಆ ವಯಸ್ಸಿಗೇ ಗೊತ್ತಿತ್ತು. ಒಂದು ದಿನ, ನಾಲ್ಕು ಜನರ ಮುಂದೆ, ಅಪ್ಪನ ಬಾಯಲ್ಲಿ ಹೇಳಿಸಿದ 'ತಪ್ಪಾಯ್ತು' ಅನ್ನು ಆ ಮನುಷ್ಯನ ಬಾಯಲ್ಲೇ ಹೇಳಿಸಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಪೈಲಟ್ ಎಂಬ ಮಾತು ಬಂದದ್ದೂ ಅವನಿಂದಲೇ. ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಯ ದಿನ ಅವನು ಒಬ್ಬೊಬ್ಬರನ್ನೇ ಎಬ್ಬಿಸಿ ಏನಾಗ್ತೀರಿ ಎಂದು ಕೇಳುತ್ತಿದ್ದ. ಟೀಚರ್, ನರ್ಸ್, ಪೊಲೀಸ್. ಇವಳ ಸರದಿ ಬಂದಾಗ, ಅವನಿಗೆ ಜೀರ್ಣವಾಗದ ಉತ್ತರವೊಂದನ್ನು ಕೊಡಬೇಕೆಂಬ ಹಟಕ್ಕೆ, "ಪೈಲಟ್ ಸಾರ್" ಎಂದಳು.

"ಈಗಾಗ್ಲೇ ಸಾಕಷ್ಟು ಹಾರಾಡ್ತಿದ್ದೀಯಲ್ಲಮ್ಮ. ಅದಕ್ಕೆ ಲೈಸೆನ್ಸ್ ಬೇರೆ ಬೇಕಾ?" ಎಂದ ಪುಟ್ಟಸ್ವಾಮಯ್ಯ. ಇಡೀ ಕ್ಲಾಸು ನಕ್ಕಿತು. ನಕ್ಕವರು ಮನೆಗೆ ಹೋಗುವಷ್ಟರಲ್ಲಿ ಮರೆತರು. ಅವಳು ಮರೆಯಲಿಲ್ಲ. ಲೈಸೆನ್ಸ್ ತಾನೇ, ತರ್ತೀನಿ ಇರು ಎಂದುಕೊಂಡಳು.

ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಸೈನ್ಸ್, ಅಲ್ಲಿಂದ ಡಿಗ್ರಿ. ಆಮೇಲೆ ಸರ್ಕಾರದ ನೆರವು, ಅಪ್ಪನ ಪಿಎಫ್ಫು, ಎಲ್ಲ ಕೂಡಿ ದಕ್ಷಿಣ ಆಫ್ರಿಕಾದ ಒಂದು ವಿಮಾನ ಶಾಲೆ. ಆ ಶಾಲೆಯ ಮೊದಲ ವಾರವೇ ಅವಳು ಕ್ಲಾಸಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಯಾಕೆಂದರೆ ಅಲ್ಲಿನ ಮೊದಲ ಪಾಠ ರೀಡ್‌ಬ್ಯಾಕ್. ಕೆಳಗಿನ ಟವರಿನವರು ರೇಡಿಯೋದಲ್ಲಿ ಏನು ಹೇಳುತ್ತಾರೋ ಅದನ್ನು ಪೈಲಟ್ ಅವರಿಗೆ ತಿರುಗಿ ಹೇಳಬೇಕು. ತಪ್ಪಿದ್ದರೆ ಅವರು ತಿದ್ದುತ್ತಾರೆ, ಸರಿಯಿದ್ದರೆ ಸರಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ತಿರುಗಿ ಮಾತಾಡಬೇಡ ಎಂದು ಕೇಳಿಸಿಕೊಂಡು ಬಂದವಳಿಗೆ, ತಿರುಗಿ ಹೇಳದಿದ್ದರೇ ತಪ್ಪು ಎಂದು ಕಲಿಸುವ ಜನ ಸಿಕ್ಕಿದ್ದರು. ಮೇಷ್ಟ್ರುಗಳೂ ಅವಳ ವಯಸ್ಸಿನವರೇ, ಹೆಸರು ಹಿಡಿದೇ ಕರೆಯಬೇಕು. ನಾಲಿಗೆ ಸಲೀಸಾಗಿ ಬಿಚ್ಚಿಕೊಂಡಿತು. ಕಮರ್ಷಿಯಲ್ ಲೈಸೆನ್ಸ್ ಕೈಗೆ ಬಂತು. ಅವಳು ಅದನ್ನು ಅಪ್ಪನಿಗಿಂತ ಮೊದಲು ಮನಸ್ಸಿನಲ್ಲೇ ಪುಟ್ಟಸ್ವಾಮಯ್ಯನಿಗೆ ತೋರಿಸಿದಳು.

ಆದರೆ ಊರಿಗೆ ಬಂದರೆ ಆ ಲೈಸೆನ್ಸ್ ಬೀಡಿ ಹಚ್ಚುವುದಕ್ಕೂ ಬರುವಂತಿರಲಿಲ್ಲ. ಪರದೇಶದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿನ ಕಂಪನಿಯ ವಿಮಾನ ಹಾರಿಸುವ ಹಾಗಿಲ್ಲ. ಅದನ್ನು ಇಲ್ಲಿನದಕ್ಕೆ ಬದಲಾಯಿಸಿಕೊಳ್ಳಬೇಕು. ಅದು ಅಸಲಿಯೆಂದು ಅಲ್ಲಿನ ಸರ್ಕಾರದಿಂದ ಉತ್ತರ ಬರಬೇಕು, ಇಲ್ಲಿನ ಡಾಕ್ಟರು ಮೈಯೆಲ್ಲ ತಪಾಸಣೆ ಮಾಡಬೇಕು, ಇಲ್ಲಿನ ಕಾನೂನು, ಹವಾಮಾನ, ದಾರಿ ಲೆಕ್ಕದ ಪರೀಕ್ಷೆಗಳು, ರೇಡಿಯೋ ಪರೀಕ್ಷೆ, ಕೊನೆಗೆ ಇಲ್ಲಿನ ಪರೀಕ್ಷಕರ ಪಕ್ಕ ಕೂತು ಹಾರಿ ತೋರಿಸಬೇಕು. ಸೊಸೆ ತವರಲ್ಲಿ ಎಷ್ಟೇ ಚೆನ್ನಾಗಿ ಅಡುಗೆ ಮಾಡಿದ್ದರೂ ಅತ್ತೆ ಮನೆಯಲ್ಲಿ ಮೊದಲಿಂದ ಮಾಡಿ ತೋರಿಸಬೇಕಲ್ಲ, ಹಾಗೆ.

ರಿಟೈರಾಗಿದ್ದ ಪುಟ್ಟಸ್ವಾಮಯ್ಯನಿಗೆ ಇದು ಹೇಗೆ ಗೊತ್ತಾಯಿತೋ, ಗೊತ್ತಾಯಿತು. ಅಲೀಪುರದ ರಸ್ತೆಯಲ್ಲಿ ಗಂಗರಾಜು ಅವರನ್ನು ನಿಲ್ಲಿಸಿ, "ಏನಪ್ಪಾ, ಅಲ್ಲಿನ ನಾಣ್ಯ ಇಲ್ಲಿ ಚಲಾವಣೆ ಆಗಲ್ವಂತಲ್ಲ" ಎಂದನಂತೆ. ಗಂಗರಾಜು ಮನೆಗೆ ಬಂದು ಅದನ್ನು ತಮಾಷೆಯೆಂಬಂತೆ ಹೇಳಿದರು. ಸಂಘಮಿತ್ರ ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು.

ಚಿಕ್ಕಬಳ್ಳಾಪುರದಲ್ಲಿ ಕೊಂಡಪ್ಪ ಎಂಬುವರ ಮಹಡಿ ಮೇಲೆ ಒಂದು ರೂಮು ಹಿಡಿದು ಓದಲು ಕೂತಳು. ಬೆಳಿಗ್ಗೆ ಸಂಜೆ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್. ಮೊದಲ ಸಲ ಹವಾಮಾನದ ಪರೀಕ್ಷೆಯಲ್ಲಿ ಮಕಾಡೆ ಬಿದ್ದಳು. ಭೂಮಿಯ ಆ ಅರ್ಧದಲ್ಲಿ ಚಂಡಮಾರುತ ಪ್ರದಕ್ಷಿಣೆ ಬರುತ್ತದೆ, ನಮ್ಮ ಅರ್ಧದಲ್ಲಿ ಅಪ್ರದಕ್ಷಿಣೆ. ಅವಳ ಕೈ ಅಲ್ಲಿ ಕಲಿತದ್ದನ್ನೇ ಬರೆದಿತ್ತು. ಮತ್ತೆ ಎಲ್ಲವನ್ನೂ ತಲೆಯೊಳಗೆ ಉಲ್ಟಾ ಮಾಡಿಕೊಂಡು ಕೂತಳು. ಬೇಸರ ಬಂದಾಗ ಅಲೀಪುರದ ರಸ್ತೆಯ ಆ ಮಾತು ನೆನೆಸಿಕೊಳ್ಳುತ್ತಿದ್ದಳು, ಬೇಸರ ಸುಟ್ಟು ಹೋಗುತ್ತಿತ್ತು. ಹಗೆಯಂಥ ಟ್ಯೂಷನ್ ಮೇಷ್ಟ್ರು ಇನ್ನೊಬ್ಬರಿಲ್ಲ. ಎರಡನೆಯ ಸಲ ಬರಹದ ಪರೀಕ್ಷೆಗಳೆಲ್ಲ ದಾಟಿದವು, ರೇಡಿಯೋದ್ದೂ ದಾಟಿತು. ಉಳಿದದ್ದು ಹಾರಿ ತೋರಿಸುವುದೊಂದೇ.

ಅದಕ್ಕೆ ಮಹಾರಾಷ್ಟ್ರದ ಕಡೆಯ ಒಂದು ವಿಮಾನ ಶಾಲೆಗೆ ಹೋದಳು. ಪರೀಕ್ಷಕರು ಕ್ಯಾಪ್ಟನ್ ಮುರಳಿಮೋಹನ್, ನರೆತ ಮೀಸೆಯ ಹಿರಿಯರು. ಹತ್ತುವ ಮೊದಲು ಅವರು ನಕ್ಷೆಯ ಮೇಲೆ ಬೆರಳಿಟ್ಟು, ಈ ಎತ್ತರಕ್ಕಿಂತ ಕೆಳಗೆ ನಾವಿಬ್ಬರೂ ಇಳಿಯಬಾರದು, ಯಾರು ಇಳಿದರೂ ಇನ್ನೊಬ್ಬರು ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವಳು ಚೆನ್ನಾಗಿಯೇ ಹಾರಿಸಿದಳು. ಎಲ್ಲ ಮುಗಿಯಿತೆನ್ನುವಾಗ ಅವರು ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಂಡು, ಏನೂ ಆಗದವರಂತೆ ನಿಧಾನವಾಗಿ ವಿಮಾನ ಇಳಿಸತೊಡಗಿದರು. ಎತ್ತರ ತೋರಿಸುವ ಮುಳ್ಳು ಆ ಗೆರೆ ದಾಟಿ ಕೆಳಗೆ ಹೋಯಿತು. ಅವಳು ನೋಡಿದಳು. ಮಾತು ಗಂಟಲವರೆಗೂ ಬಂತು, ಅಲ್ಲೇ ನಿಂತಿತು. ಅವರು ಅವಳ ಕಡೆ ನೋಡಿದರು. ಅವಳು ತಲೆ ಆಡಿಸಿದಳು. ನಮ್ಮ ಕಡೆಯ ಆ ತಲೆಯಾಟ, ಹೌದೂ ಅಲ್ಲ, ಇಲ್ಲವೂ ಅಲ್ಲ, ನೀವು ಹೇಗೆ ಹೇಳಿದರೆ ಹಾಗೆ ಎನ್ನುವಂಥದ್ದು.

ಕೆಳಗಿಳಿದ ಮೇಲೆ ಅವರು ಕನ್ನಡಕ್ಕೆ ಹೊರಳಿದರು. "ನಂದು ಚಿಂತಾಮಣಿ ಕಣಮ್ಮ. ನಿನ್ನ ಅಡ್ರೆಸ್ ನೋಡ್ದಾಗಲೇ ಗೊತ್ತಾಯ್ತು. ಕೆಳಗಿಳಿದಿದ್ದು ನೋಡಿದ್ಯಾ?"

"ನೋಡಿದೆ ಸಾರ್."

"ಮತ್ಯಾಕೆ ಹೇಳಲಿಲ್ಲ?"

"ತಾವು ದೊಡ್ಡವರು ಸಾರ್. ಬೇಕಂತ ಇಳಿಸ್ತಿದ್ದೀರೇನೋ ಅಂದ್ಕೊಂಡೆ."

"ಏಮ್ಮಾ, ಗುಡ್ಡ ಬಂದ್ರೆ ದೊಡ್ಡೋನು ಚಿಕ್ಕೋಳು ಅಂತ ನೋಡುತ್ತಾ? ಇದು ನಮ್ಮ ಕಡೆಯೋರ ರೋಗ. ಬಿಳಿಯೋರ ಮುಂದೆ ಪಟಪಟ ಅಂತೀರ, ನಮ್ಮೋರೊಬ್ಬರು ಮೀಸೆ ನರೆತಿರೋರು ಪಕ್ಕ ಕೂತ್ರೆ ಮುಗೀತು. ಇವತ್ತು ಪಾಸ್ ಮಾಡಲ್ಲ. ಊರಿಗೆ ಹೋಗು. ದಿನಾ ಒಬ್ಬ ದೊಡ್ಡ ಮನುಷ್ಯನ ಹತ್ರ ಎದುರು ಮಾತಾಡು. ಆಮೇಲೆ ಬಾ."

ವಾಪಸ್ ಬರುವ ರೈಲಿನಲ್ಲಿ ಸಂಘಮಿತ್ರಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಪುಟ್ಟಸ್ವಾಮಯ್ಯ ಗೌರಿಬಿದನೂರಿನಲ್ಲಿ ಇಲ್ಲ, ತನ್ನ ಗಂಟಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಅಪ್ಪನ ಕೈಯಿಂದ ಕಲಿಸಿದ ಪಾಠವಲ್ಲವೇ, ಚೆನ್ನಾಗಿಯೇ ಕಲಿಸಿದ್ದ. ಮೊದಲು ಅವನನ್ನು ಅಲ್ಲಿಂದ ಎಬ್ಬಿಸಬೇಕು.

ಎಬ್ಬಿಸುವ ಕೆಲಸಕ್ಕೆ ಮೊದಲು ಸಿಕ್ಕಿದವರು ಮನೆ ಮಾಲೀಕರು ಕೊಂಡಪ್ಪ. ಮೋಟರು ಕೆಟ್ಟಿದೆ, ಅದಕ್ಕೇ ನೀರು ಬಿಟ್ಟಿಲ್ಲ ಎಂದರು. "ಕೊಂಡಪ್ಪನವರೇ, ಮೋಟರ್ ಓಡೋ ಸದ್ದು ಬೆಳಿಗ್ಗೆ ಕೇಳಿದೀನಿ. ನೀವು ಹೇಳ್ತಿರೋದು ಸುಳ್ಳು" ಎಂದಳು. ಹೇಳಿದವಳೇ ರೂಮಿಗೆ ಓಡಿ ಬಾಗಿಲು ಹಾಕಿ ಚಿಲಕ ಜಡಿದಳು. ಆದರೆ ನಲ್ಲಿಯಲ್ಲಿ ನೀರು ಬಂತು. ಆಮೇಲೆ ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರ್, ಬ್ಯಾಂಕಿನ ಮ್ಯಾನೇಜರ್, ಮದುವೆಮನೆಯಲ್ಲಿ ಇನ್ನೂ ಯಾಕೆ ಮದುವೆ ಇಲ್ಲ ಎಂದು ಕೇಳಿದ ದೂರದ ಮಾವ. "ಇವಳಿಗೇನು ಬಂತು, ಗಾಳಿ ಸೋಕಿತಾ" ಎಂದು ಮಂಗಮ್ಮ ತಲೆ ಚಚ್ಚಿಕೊಂಡರು. ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಊರವರ ಜೊತೆ ದಿನ ಬೆಳಗಾದರೆ ಏಗಬೇಕು, ಪಾಪ.

ಎರಡನೆಯ ಸಲ ಮುರಳಿಮೋಹನ್ ಇನ್ನೂ ಜಾಸ್ತಿ ಸತಾಯಿಸಿದರು. ಮತ್ತೆ ಕಂಟ್ರೋಲ್ ತೆಗೆದುಕೊಂಡು ಕೆಳಗಿಳಿಸಿದರು. ಅವಳು ಮುಳ್ಳು ದಾಟುವ ಮೊದಲೇ ಎತ್ತರ ಹೇಳಿ, ಇಳಿಯುತ್ತಿದ್ದೀರಿ, ಏರಿ ಎಂದಳು. ಅವರು ಏರಲಿಲ್ಲ. ಇದೇ ಎತ್ತರ ತಾನೇ ನಾನು ಹೇಳಿದ್ದು ಎಂದು ದಬಾಯಿಸಿದರು. ಅವಳು ತಿರುಗಿ ಅವರ ಮುಖ ನೋಡಿ, ಇಲ್ಲ ಸಾರ್, ನೀವು ಹೇಳಿದ್ದು ಅದಲ್ಲ, ಈಗ ಏರದಿದ್ದರೆ ಕಂಟ್ರೋಲ್ ನಾನು ತಗೊಳ್ತೀನಿ ಎಂದಳು. ಮುರಳಿಮೋಹನ್ ಮೀಸೆಯಡಿಯಲ್ಲಿ ನಗುತ್ತ ವಿಮಾನದ ಮೂತಿ ಮೇಲಕ್ಕೆತ್ತಿದರು. ಅಷ್ಟರಲ್ಲಿ ಪಾಸ್ ಆಗಿತ್ತು.

ಲೈಸೆನ್ಸ್ ಬಂತು. ಒಂದು ವಿಮಾನ ಕಂಪನಿಯಲ್ಲಿ ಕೆಲಸ, ದೊಡ್ಡ ವಿಮಾನದ ತರಬೇತಿ, ಆಮೇಲೆ ಕ್ಯಾಪ್ಟನ್ನಿನ ಬಲಗಡೆಯ ಸೀಟು. ಪೇಪರಿನಲ್ಲಿ ಫೋಟೋ ಬಂತು. ಊರು ತನ್ನ ಮಗಳೆಂದು ಹೇಳಿಕೊಳ್ಳಲು ಶುರುಮಾಡಿತು. ಗೌರಿಬಿದನೂರಿನ ಆ ಹೈಸ್ಕೂಲಿನವರು ಸನ್ಮಾನಕ್ಕೆ ಕರೆದರು. ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯನವರ ಅಧ್ಯಕ್ಷತೆಯಲ್ಲಿ ಎಂದು ಫೋನಿನಲ್ಲಿ ಹೇಳಿದ್ದು ಕೇಳಿ ಅವಳು ತಕ್ಷಣ ಒಪ್ಪಿದಳು.

ಅಪ್ಪ ಅಮ್ಮನನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು. ಗಂಗರಾಜು ಬಿಳಿ ಶರ್ಟು ಹಾಕಿ ನೀಲಿ ಶಾಲು ಹೊದ್ದಿದ್ದರು, ಅಕ್ಕಪಕ್ಕದವರೆಲ್ಲ ಎದ್ದು ಕೈ ಕುಲುಕುತ್ತಿದ್ದರು. ಮೈದಾನ ತುಂಬಿತ್ತು. ಪುಟ್ಟಸ್ವಾಮಯ್ಯ ಅದೇ ಇಸ್ತ್ರಿ ಪಂಚೆಯಲ್ಲಿ ಮೈಕಿನ ಮುಂದೆ ಬಂದ. ವಯಸ್ಸಾಗಿತ್ತು, ದನಿ ಮಾತ್ರ ಹಾಗೇ ಇತ್ತು.

"ಸಂಘಮಿತ್ರ ನನ್ನ ಶಿಷ್ಯೆ. ಉಳಿಯ ಪೆಟ್ಟು ಬೀಳದೆ ಕಲ್ಲು ಮೂರ್ತಿ ಆಗೋದಿಲ್ಲ. ಆ ಪೆಟ್ಟು ಕೊಟ್ಟವನು ನಾನು. ಅವತ್ತು ಅವಳಿಗೆ ಕೋಪ ಬಂದಿರಬಹುದು, ಇವತ್ತು ನೋಡಿ ಎಲ್ಲಿದ್ದಾಳೆ."

ಚಪ್ಪಾಳೆ ಬಿತ್ತು. ಶಾಲು, ಹಾರ, ಫೋಟೋ ಎಲ್ಲ ಆಯಿತು. ಅವಳ ಕೈಗೆ ಮೈಕು ಬಂತು.

"ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ" ಎಂದು ಶುರುಮಾಡಿದಳು. "ನಮಗೆ ಹೇಳಿದ್ದನ್ನ ಅಕ್ಷರ ಬಿಡದೆ ತಿರುಗಿ ಹೇಳ್ಬೇಕು. ತಪ್ಪಿದ್ರೆ ಹೇಳಿದೋರು ತಿದ್ದಬೇಕು, ಸರಿಯಿದ್ರೆ ಸರಿ ಅನ್ಬೇಕು. ಮೇಷ್ಟ್ರು ನನಗೆ ಹೇಳಿದ್ದೊಂದು ಬಾಕಿ ಉಳಿದಿದೆ, ಇವತ್ತು ತಿರುಗಿ ಹೇಳ್ತೀನಿ."

ಹೇಳಿದಳು. ಕಕ್ಕಸು ತೊಳೆಯಲು ಯಾವ ಮನೆಗಳ ಮಕ್ಕಳನ್ನು ಕರೆಯುತ್ತಿದ್ದ, ತಾನು ಏನು ಕೇಳಿದೆ, ಅಪ್ಪನನ್ನು ನಿಲ್ಲಿಸಿಕೊಂಡು ಅವನು ಏನಂದ. ಹೆಸರು ಬದಲಾದರೆ ಹಣೆಬರಹ ಬದಲಾಗಲ್ಲ, ತಗ್ಗಿ ನಡೆಯೋದು ಕಲಿಸು, ಇಲ್ಲೇ ಕಲಿಸು ನಾನೂ ನೋಡ್ತೀನಿ. ಅಪ್ಪ ಕೈ ಎತ್ತಿದ್ದು. ಈಗ ಸರಿಯಾಯ್ತು ಎಂದದ್ದು. ಅವನ ದನಿಯನ್ನೂ ಬಿಡಲಿಲ್ಲ.

"ಸರಿಯಾಗಿದೆಯಾ ಸಾರ್? ತಪ್ಪಿದ್ರೆ ತಿದ್ದಿ."

ಪುಟ್ಟಸ್ವಾಮಯ್ಯ ತಲೆ ಆಡಿಸಿದ.

"ತಲೆ ಆಡಿಸಿದ್ರೆ ನಡೆಯಲ್ಲ ಸಾರ್. ಬಾಯಲ್ಲಿ ಹೇಳ್ಬೇಕು." ಮೈಕನ್ನು ಅವನ ಬಾಯಿಗೇ ಹಿಡಿದಳು.

"ಸರಿ" ಎಂದ. ಆ ಗಟ್ಟಿ ದನಿಯಿಂದ ಅಷ್ಟು ಸಣ್ಣ ಮಾತು ಹೊರಡುತ್ತದೆಂದು ಊರಿಗೆ ಅಂದೇ ಗೊತ್ತಾದದ್ದು.

"ಆವತ್ತು ನಮ್ಮಪ್ಪ ನಿಮಗೆ ಒಂದು ಮಾತು ಹೇಳಿದ್ರು. ಅದು ನಿಮ್ಮದು, ಅವರದಲ್ಲ. ವಾಪಸ್ ಕೊಡಿ."

ಅವನು ಅತ್ತಿತ್ತ ನೋಡಿದ. ಯಾರೂ ಸಹಾಯಕ್ಕೆ ಬರಲಿಲ್ಲ. "ತಪ್ಪಾಯ್ತು ಗಂಗರಾಜು" ಎಂದ. ಅವಳು ಮೈಕು ತೆಗೆಯಲಿಲ್ಲ. "ತಪ್ಪಾಯ್ತು ಗಂಗರಾಜು ಅವರೇ" ಎಂದ.

ಇಷ್ಟು ವರ್ಷ ಕಾದ ಹಸಿವು ಆ ಒಂದು 'ಅವರೇ'ಗೆ ತಣ್ಣಗಾಯಿತು. ಅದನ್ನು ಸುಳ್ಳೆನ್ನಲು ನಾನು ತಯಾರಿಲ್ಲ. ಸೇಡು ಸಿಹಿಯಲ್ಲ ಎನ್ನುವವರು ಅದನ್ನು ಸರಿಯಾಗಿ ತೀರಿಸಿದವರಲ್ಲ. ಅವಳು ಗೆದ್ದ ಮುಖದಲ್ಲಿ ಮುಂದಿನ ಸಾಲಿನ ಕಡೆ ತಿರುಗಿದಳು. ಗಂಗರಾಜು ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ನೆಲ ನೋಡುತ್ತ ಕೂತಿದ್ದರು. ಮಂಗಮ್ಮ ವೇದಿಕೆಯ ಕಡೆ ನೋಡುತ್ತಿರಲಿಲ್ಲ, ಗಂಡನನ್ನೇ ನೋಡುತ್ತಿದ್ದರು.

ಕಾರಿನಲ್ಲಿ ಮನೆಗೆ ಬಂದರು. ಬಾಗಿಲು ತೆಗೆಯುತ್ತ ಮಂಗಮ್ಮ, "ಜಲ್ಲಿ ಮೇಲೆ ಬಿದ್ದಳು ಅಂದಿದ್ರಿ ಇಬ್ಬರೂ" ಎಂದಷ್ಟೇ ಹೇಳಿ ಒಳಗೆ ಹೋದರು. ಗಂಗರಾಜು ಜಗಲಿಯ ಮೇಲೆ ಕೂತರು. ಮಧ್ಯಾಹ್ನದ ಬಿಸಿಲು ಕಾಲಿನವರೆಗೂ ಬಂದಿತ್ತು.

"ಅಪ್ಪ, ಅವನ ಬಾಯಲ್ಲಿ ಹೇಳಿಸ್ದೆ" ಎಂದಳು.

"ಹೇಳಿಸ್ದೆ ಕಣಮ್ಮ. ಕೇಳ್ದೆ. ಅವನ ಮಾತು ಅವನಿಗೆ ಹೇಳಿದ್ದು ಸರಿ. ನನ್ನ ಕೈ ವಿಷಯ ಯಾಕಮ್ಮ ಹೇಳ್ದೆ?"

"ಅದು ನಿನ್ನ ಕೈ ಅಲ್ಲಪ್ಪ. ಅದು ಅವಂದು."

"ನಿನಗೆ ಹಂಗೆ. ನಾನು ಟೀಸಿ ತಗೊಂಡು ಬರಬಹುದಿತ್ತು." ಗಂಗರಾಜು ಬಿಸಿಲಿನಿಂದ ಕಾಲು ಹಿಂದಕ್ಕೆಳೆದುಕೊಂಡರು. "ಮಗಳ ಮೇಲೆ ಒಂದು ದಿನಾನೂ ಕೈ ಎತ್ತಿಲ್ಲ ನನ್ನ ಗಂಡ ಅಂತ ನಿಮ್ಮಮ್ಮ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ಲು. ನನಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ ಕಣಮ್ಮ."

ಒಳಗೆ ಪಾತ್ರೆಗಳನ್ನು ಜೋರಾಗಿ ಎತ್ತಿಡುವ ಸದ್ದು ಕೇಳಿಸುತ್ತಿತ್ತು. ಗಂಗರಾಜು ಶಾಲು ತೆಗೆದು ಮಡಿಸಿ ಪಕ್ಕದಲ್ಲಿಟ್ಟು, ಹೆಂಡತಿಗೆ ಆವತ್ತಿನದನ್ನು ತಾವೇ ಹೇಳಲು ಎದ್ದು ಒಳಗೆ ಹೋದರು. ಸಂಘಮಿತ್ರ ಜಗಲಿಯಲ್ಲೇ ನಿಂತಳು.